ಸರ್ಕಾರ ಎಷ್ಟು ಬೇಕು? ಲಿಬರ್ಟೇರಿಯನ್ ಬಣಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಮುನ್ನ

ದಾವಣಗೆರೆಯ ಪದವಿ ವಿದ್ಯಾರ್ಥಿಗಳ ಬಾಯಲ್ಲಿ ‘ಲಿಬರ್ಟೇರಿಯನ್’ ಎಂಬ ಮಾತು ಈಗೀಗ ಕೇಳಿಬರುತ್ತಿದೆ. 2023ರ ಡಿಸೆಂಬರಿನಲ್ಲಿ ಅರ್ಜೆಂಟೀನಾದ ಅಧ್ಯಕ್ಷರಾದ ಹಾವಿಯೆರ್ ಮಿಲೇ ಗರಗಸ ಯಂತ್ರ ಹಿಡಿದು ಸರ್ಕಾರದ ಖರ್ಚು ಕತ್ತರಿಸುತ್ತೇನೆ ಎಂದ ದೃಶ್ಯ ಅವರ ಮೊಬೈಲುಗಳಲ್ಲಿ ಓಡಾಡಿದೆ. ಸರ್ಕಾರದ ಕೈ ಚಿಕ್ಕದಾಗಬೇಕು, ಜನರ ಕೈ ದೊಡ್ಡದಾಗಬೇಕು ಎಂದರೆ ತಹಶೀಲ್ದಾರ್ ಕಚೇರಿಯ ಮುಂದೆ ಪಹಣಿ ತಿದ್ದುಪಡಿಗಾಗಿ ಕಾದು ನಿಂತ ಯಾರಿಗಾದರೂ ಅದು ಹಿತವಾಗಿಯೇ ಕೇಳಿಸುತ್ತದೆ. ಆದರೆ ಸರ್ಕಾರದ ಅಧಿಕಾರ ಎಷ್ಟು, ವಲಸೆ ಬರುವವರಿಗೆ ಬಾಗಿಲು ಎಷ್ಟು, ಹೊರದೇಶಗಳೊಂದಿಗೆ ನಂಟು ಹೇಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದ ಕೂಡಲೇ ಈ ಹೆಸರನ್ನು ಹೊತ್ತವರೇ ಒಬ್ಬರಿಗೊಬ್ಬರು ಎದುರಾಗಿ ನಿಲ್ಲುತ್ತಾರೆ. ಹಾಗಾಗಿ ‘ನಾನು ಲಿಬರ್ಟೇರಿಯನ್’ ಎಂದರೆ ಅರ್ಧ ಮಾತು ಮಾತ್ರ ಹೇಳಿದಂತೆ. ಯಾವ ಬಣ ಎಂಬುದನ್ನೂ ಹೇಳಬೇಕು.

ಬಣಗಳನ್ನು ತೂಗಲು ನಾನು ಬಳಸುವ ಅಳತೆ ಒಂದೇ. ನಮ್ಮ ಬೆಳೆಗೆ, ನಮ್ಮ ಮನೆಯ ಮಕ್ಕಳಿಗೆ ನಷ್ಟವಾಗುವ ಹೊತ್ತಿನಲ್ಲೂ ಆ ನಿಲುವನ್ನು ಹಿಡಿದುಕೊಂಡು ನಿಲ್ಲಲು ಆಗುತ್ತದೆಯೇ? ಲಾಭ ಬಂದಾಗ ಸ್ವಾತಂತ್ರ್ಯ, ನಷ್ಟ ಬಂದಾಗ ಸರ್ಕಾರ ಎನ್ನುವುದು ಯಾವ ಬಣದ ನಿಲುವೂ ಅಲ್ಲ. ಅದಕ್ಕಾಗಿಯೇ ಅಮೆರಿಕದ ಉದಾಹರಣೆಗಳನ್ನು ಬದಿಗಿಟ್ಟು, ಚಳ್ಳಕೆರೆಯ ಹುಲ್ಲುಗಾವಲು, ಚಿತ್ರದುರ್ಗದ ಈರುಳ್ಳಿ, ಚನ್ನಗಿರಿಯ ಅಡಿಕೆ, ನ್ಯಾಮತಿಯ ಲಂಬಾಣಿ ತಾಂಡಾಗಳ ಮೇಲೆ ಈ ವಿಚಾರಗಳನ್ನು ಇಟ್ಟು ನೋಡುತ್ತೇನೆ.

ಮೂರು ಬಣಗಳು

ಮೂವರೂ ಒಪ್ಪುವ ನೆಲೆಗಟ್ಟು ಇಷ್ಟೇ: ಒಬ್ಬನ ದೇಹ ಅವನದು, ಅವನು ದುಡಿದು ಗಳಿಸಿದ್ದು ಅವನದು, ಇನ್ನೊಬ್ಬನ ಮೇಲೆ ಮೊದಲು ಕೈ ಎತ್ತುವ ಹಕ್ಕು ಯಾರಿಗೂ ಇಲ್ಲ. ಆ ‘ಯಾರಿಗೂ’ ಎಂಬುದರಲ್ಲಿ ಸರ್ಕಾರವೂ ಸೇರುತ್ತದೆ ಎನ್ನುವುದೇ ಇವರ ವೈಶಿಷ್ಟ್ಯ.

ಮೊದಲ ಬಣ ಅಮೆರಿಕದ ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ಅವರದು. ತೆರಿಗೆ ಎಂದರೆ ಬಲವಂತದ ವಸೂಲಿ. ಆದ್ದರಿಂದ ಪೊಲೀಸು, ನ್ಯಾಯಾಲಯ, ರಕ್ಷಣೆ ಎಲ್ಲವನ್ನೂ ಜನರು ತಾವೇ ಒಪ್ಪಂದ ಮಾಡಿಕೊಂಡು ನಡೆಸಬಹುದು, ರಾಜ್ಯವೆಂಬುದೇ ಬೇಡ ಎನ್ನುತ್ತಾರೆ. ಎರಡನೆಯದು ಹಾರ್ವರ್ಡಿನ ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಮಂಡಿಸಿದ ಕಾವಲುಗಾರ ಸರ್ಕಾರ. ಕಳ್ಳತನ, ಹಿಂಸೆ, ಮೋಸ ತಡೆಯುವುದು, ಒಪ್ಪಂದಗಳನ್ನು ಉಳಿಸುವುದು, ಇಷ್ಟಕ್ಕೆ ಸರ್ಕಾರದ ಕೆಲಸ ಮುಗಿಯಿತು. ಒಬ್ಬನಿಂದ ತೆಗೆದು ಇನ್ನೊಬ್ಬನಿಗೆ ಹಂಚುವಂತಿಲ್ಲ. ಮೂರನೆಯದು ಫ್ರೀಡ್ರಿಕ್ ಹಾಯೆಕ್, ಮಿಲ್ಟನ್ ಫ್ರೀಡ್‌ಮನ್ ಅವರ ದಾರಿ. ಹಾಯೆಕ್‌ಗೆ 1974ರಲ್ಲಿ, ಫ್ರೀಡ್‌ಮನ್‌ಗೆ 1976ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸರ್ಕಾರ ಇರಲಿ, ರಸ್ತೆ ಮಾಡಲಿ, ತೀರಾ ಬಡವರಿಗೆ ಒಂದು ಆಸರೆಯೂ ಇರಲಿ. ಆದರೆ ಎಲ್ಲರಿಗೂ ಮೊದಲೇ ಗೊತ್ತಿರುವ, ಎಲ್ಲರಿಗೂ ಒಂದೇ ಆಗಿರುವ ನಿಯಮಗಳಿಗೆ ಅದು ತಲೆಬಾಗಬೇಕು. ಬೆಲೆ ನಿಗದಿ ಮಾಡುವುದು, ಯಾರು ಏನು ತಯಾರಿಸಬೇಕೆಂದು ಅಪ್ಪಣೆ ಕೊಡುವುದು ಅದರ ಕೆಲಸವಲ್ಲ.

ಈ ಮೂರನೆಯ ದಾರಿ ನಮ್ಮ ದೇಶಕ್ಕೆ ಹೊಸದಲ್ಲ. ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ 1955ರಲ್ಲಿ ಒಬ್ಬಂಟಿಯಾಗಿ ಭಿನ್ನಮತದ ಟಿಪ್ಪಣಿ ಬರೆದವರು ಬಿ.ಆರ್. ಶೆಣೈ. 1959ರಲ್ಲಿ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಸೇರಿ ಸ್ವತಂತ್ರ ಪಕ್ಷ ಕಟ್ಟಿದರು. ಅದು 1967ರ ಲೋಕಸಭಾ ಚುನಾವಣೆಯಲ್ಲಿ 44 ಸ್ಥಾನ ಗೆದ್ದಿತು. ‘ಲೈಸೆನ್ಸ್ ಪರ್ಮಿಟ್ ರಾಜ್’ ಎಂಬ ಮಾತನ್ನು ಬಳಕೆಗೆ ತಂದವರೂ ರಾಜಾಜಿಯವರೇ. ಅಮೆರಿಕದ ಲಿಬರ್ಟೇರಿಯನ್ ಪಕ್ಷ ಹುಟ್ಟಿದ್ದು 1971ರಲ್ಲಿ, ನಮ್ಮ ಸ್ವತಂತ್ರ ಪಕ್ಷಕ್ಕಿಂತ ಹನ್ನೆರಡು ವರ್ಷ ತಡವಾಗಿ. ಈ ವಿಚಾರವನ್ನು ವಿಡಿಯೊಗಳಿಂದ ಕಲಿಯುತ್ತಿರುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ.

ಚಳ್ಳಕೆರೆಯ ಕಾವಲು

ಸರ್ಕಾರದ ಅಧಿಕಾರದ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಆ ತಳಿಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು. ಹೈದರ್, ಟಿಪ್ಪು ಸೈನ್ಯದ ಫಿರಂಗಿ, ಸಾಮಾನು ಎಳೆದದ್ದು ಅದೇ ಎತ್ತುಗಳು. ಅಂದರೆ ಆ ನೆಲ ಮೊದಲಿನಿಂದಲೂ ದಂಡಿನ ಲೆಕ್ಕದಲ್ಲೇ ಇತ್ತು. ದಂಡು ಹೋದ ಮೇಲೆ ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನ ಅಲ್ಲೇ ಮೇಯ್ದವು. ಆ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು ಬದುಕಿದ ಮನೆಗಳಿವೆ. ಹುಲ್ಲು ಒಣಗಿ ಬೆಳ್ಳಗಾದ ಬೇಸಿಗೆಯಲ್ಲಿ ಬರಿಗಣ್ಣಿಗೆ ಅದು ಬಂಜರಿನಂತೆ ಕಾಣುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ಕುರಿಯ ಮೂತಿ ಮುಟ್ಟುವಷ್ಟು ಹಸಿರು ಎದ್ದು ನಿಲ್ಲುತ್ತದೆ. ಕಡತ ಬರೆಯುವವರು ಬೇಸಿಗೆಯ ಬಣ್ಣವನ್ನಷ್ಟೇ ನೋಡಿದರು.

2007ರಿಂದ ಈಚೆಗೆ ಚಳ್ಳಕೆರೆ ತಾಲ್ಲೂಕಿನ ಇಂಥ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವಕ್ಕೆ ಕೊಡಲಾಯಿತು. ಗೋಡೆ, ಬೇಲಿ ಏಳತೊಡಗಿದಾಗ ಕುರಿಗಾಹಿಗಳು ಪ್ರತಿಭಟನೆಗೆ ಇಳಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2017ರಲ್ಲಿ ಅಲ್ಲಿ ಮಾನವರಹಿತ ವಿಮಾನಗಳ ಪರೀಕ್ಷಾ ತಾಣ ಉದ್ಘಾಟನೆಯಾಯಿತು.

ಈಗ ಮೂರು ಬಣಗಳನ್ನು ಈ ಬೇಲಿಯ ಮುಂದೆ ನಿಲ್ಲಿಸಿ. ರಾತ್‌ಬಾರ್ಡ್ ಬಣದ ಉತ್ತರ ನೇರ: ಖಾಲಿ ನೆಲವನ್ನು ಮೊದಲು ಬಳಸಿ ಬದುಕಿದವನೇ ಅದರ ಒಡೆಯ. ಅರಸನಾಗಲಿ ಸರ್ಕಾರವಾಗಲಿ ಕಾಗದದ ಮೇಲೆ ‘ನನ್ನದು’ ಎಂದು ಬರೆದುಕೊಂಡ ಮಾತ್ರಕ್ಕೆ ನೆಲ ಅದರದಾಗುವುದಿಲ್ಲ. ಊಳಿಗಮಾನ್ಯ ಭೂಮಿಯ ವಿಚಾರದಲ್ಲೂ ಅವರು ಇದೇ ತರ್ಕ ಹಿಡಿದು, ಬಲದಿಂದ ಪಡೆದ ಒಡೆತನ ಒಡೆತನವೇ ಅಲ್ಲ, ನೆಲ ಉಳುವವನಿಗೆ ಸೇರಬೇಕು ಎಂದರು. ಬಲಪಂಥೀಯ ಎನಿಸಿಕೊಂಡ ಚಿಂತಕನ ಈ ಮಾತು ದೇವರಾಜ ಅರಸರ 1974ರ ಭೂಸುಧಾರಣೆಯ ಆಶಯದ ಹತ್ತಿರಕ್ಕೆ ಬರುತ್ತದೆ. ಅದೇ ಕಾಲದ ಸ್ವತಂತ್ರ ಪಕ್ಷದವರಾದರೋ ಭೂ ಒಡೆತನದ ಮಿತಿಯನ್ನೇ ವಿರೋಧಿಸಿದ್ದರು.

ನೋಜಿಕ್ ಅವರಿಗೆ ಇಕ್ಕಟ್ಟು ಹೆಚ್ಚು. ದೇಶರಕ್ಷಣೆ ಅವರ ಕಾವಲುಗಾರ ಸರ್ಕಾರದ ಕೆಲಸಗಳಲ್ಲಿ ಮೊದಲನೆಯದು. ಡ್ರೋನ್ ಪರೀಕ್ಷೆ ಬೇಡವೆನ್ನಲಾರರು. ಆದರೆ ಹಿಂದಿನ ಅನ್ಯಾಯವನ್ನು ಸರಿಪಡಿಸದೆ ಇಂದಿನ ಒಡೆತನ ನ್ಯಾಯವಾಗದು ಎಂದೂ ಅವರೇ ಹೇಳಿದ್ದಾರೆ. ಹಾಗಾದರೆ ಕುರಿಗಾಹಿಗಳಿಗೆ ಏನನ್ನು, ಯಾವ ಲೆಕ್ಕದಲ್ಲಿ ತುಂಬಿಕೊಡಬೇಕು? ಅದರ ಸೂತ್ರ ಅವರಲ್ಲಿ ಸಿಗುವುದಿಲ್ಲ.

ಹಾಯೆಕ್ ದಾರಿಯವರು ಕೇಳುವುದು ಪ್ರಕ್ರಿಯೆಯನ್ನು. ಊರಿನವರಿಗೆ ಮೊದಲೇ ತಿಳಿಸಿದಿರಾ, ಅಹವಾಲು ಕೇಳಿದಿರಾ, ಪರಿಹಾರ ಕೊಟ್ಟಿರಾ? ನ್ಯಾಯವಾದ ಪ್ರಶ್ನೆಗಳೇ. ಆದರೆ 1978ರ 44ನೇ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು, ಸಂವಿಧಾನದ 300ಎ ವಿಧಿಯಲ್ಲಿ ಸಾಮಾನ್ಯ ಹಕ್ಕಾಗಿ ಉಳಿದಿದೆ. ಪಟ್ಟಾ ಇದ್ದವರಿಗೇ ಅಷ್ಟು. ಪಟ್ಟಾ ಇಲ್ಲದೆ ತಲೆಮಾರುಗಳಿಂದ ಮೇಯಿಸಿದವನ ಹಕ್ಕು ಯಾವ ದಫ್ತರದಲ್ಲೂ ಇರುವುದಿಲ್ಲ.

ಇಲ್ಲಿ ನನ್ನ ತೀರ್ಮಾನ: ಮೂರೂ ಬಣಗಳ ಕಣ್ಣಿಗೆ ಒಬ್ಬೊಬ್ಬನ ಆಸ್ತಿ ಕಾಣುತ್ತದೆ, ಊರೊಟ್ಟಿನ ಆಸ್ತಿ ಕಾಣುವುದಿಲ್ಲ. ಆ ಕೊರತೆಯನ್ನು ತುಂಬುವುದು 2009ರ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ಕೆಲಸ. ಹುಲ್ಲುಗಾವಲು, ಕೆರೆ, ಕಾಡುಗಳನ್ನು ಸರ್ಕಾರದ ಹಿಡಿತವೂ ಇಲ್ಲದೆ, ಒಬ್ಬೊಬ್ಬರಿಗೆ ಹಂಚಿಕೊಳ್ಳದೆ, ಊರವರೇ ನಿಯಮ ಮಾಡಿಕೊಂಡು ಶತಮಾನಗಟ್ಟಲೆ ಉಳಿಸಿಕೊಂಡ ಉದಾಹರಣೆಗಳನ್ನು ಅವರು ದೇಶದೇಶಗಳಿಂದ ಕಲೆಹಾಕಿದರು. ಹಾಯೆಕ್ ದಾರಿ ಹಿಡಿಯುವವರು ಆಸ್ಟ್ರಮ್ ಅವರನ್ನೂ ಜೊತೆಗಿಟ್ಟುಕೊಳ್ಳಲಿ. ಇಲ್ಲದಿದ್ದರೆ ಚಳ್ಳಕೆರೆಯ ಕುರಿಗಾಹಿಗೆ ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ.

ಈರುಳ್ಳಿ ಒಂದು ಕಡೆ, ಅಡಿಕೆ ಇನ್ನೊಂದು ಕಡೆ

ವಿದೇಶಾಂಗ ನೀತಿ ಎಂದರೆ ನಮಗೆ ರಾಯಭಾರಿಗಳು, ಶೃಂಗಸಭೆಗಳು ನೆನಪಾಗುತ್ತವೆ. ಲಿಬರ್ಟೇರಿಯನ್ನರಿಗೆ ಅದರ ಮೊದಲ ಅಧ್ಯಾಯವೇ ವ್ಯಾಪಾರ. ಗಡಿಯಾಚೆಗೆ ಮಾರಲು, ಗಡಿಯಾಚೆಯಿಂದ ಕೊಳ್ಳಲು ನನಗೆ ಹಕ್ಕಿದೆ, ನಡುವೆ ಸರ್ಕಾರ ಬರಬೇಡ ಎಂಬಲ್ಲಿ ಮೂರೂ ಬಣಗಳು ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮಾತಾಡುತ್ತವೆ.

ಚಿತ್ರದುರ್ಗದ ಈರುಳ್ಳಿ ಬೆಳೆಗಾರನಿಗೆ ಇದು ಅಮೃತದಂತಹ ಮಾತು. ಮುಂಗಾರಿನ ಈರುಳ್ಳಿಯಲ್ಲಿ ನೀರಿನಂಶ ಹೆಚ್ಚು, ಕೂಡಿಟ್ಟರೆ ಕೊಳೆಯುತ್ತದೆ. ಕಿತ್ತು, ಜುಟ್ಟು ಕೊಯ್ದು, ಗಾತ್ರ ನೋಡಿ ಬೇರ್ಪಡಿಸಿ, ಚೀಲಕ್ಕೆ ತುಂಬಿ ಯಶವಂತಪುರಕ್ಕೆ ಲಾರಿ ಹತ್ತಿಸುವವರೆಗೂ ರೈತನ ಕಣ್ಣು ಆಕಾಶದ ಮೇಲೆ. 2023ರ ಆಗಸ್ಟಿನಲ್ಲಿ, ಹೊಸ ಬೆಳೆ ಹೊರಬೀಳುವ ಹೊತ್ತಿಗೆ ಸರಿಯಾಗಿ, ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇಕಡ 40 ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು. ಆ ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ. ಅದೇ 2023ರ ಜುಲೈನಲ್ಲಿ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತಿಗೂ ನಿಷೇಧ ಬಿದ್ದಿತ್ತು. ಭದ್ರಾ ನಾಲೆಯ ಭತ್ತದ ಬೆಳೆಗಾರರಿಗೆ ಅದರ ಬಿಸಿ ತಟ್ಟಿತು. ಪಟ್ಟಣದವರ ಅಡುಗೆಮನೆಯ ಖರ್ಚು ಇಳಿಸಲು ಹಳ್ಳಿಯವರ ಬೆಲೆಯನ್ನು ಕೆಳಗೆ ಒತ್ತಿ ಹಿಡಿಯುವ ಈ ಪದ್ಧತಿ ಅನ್ಯಾಯ ಎಂದು ನಾನು ಎಳ್ಳಷ್ಟೂ ಅನುಮಾನವಿಲ್ಲದೆ ಹೇಳುತ್ತೇನೆ. ಬೆಲೆ ಕುಸಿದಾಗ ರೈತನ ಪಾಲಿಗೆ ನಷ್ಟ, ಏರಿದಾಗ ಸರ್ಕಾರದ ಕೈ.

ಈಗ ಚನ್ನಗಿರಿಗೆ, ಹೊಳಲ್ಕೆರೆಗೆ, ಭೀಮಸಮುದ್ರಕ್ಕೆ ಬನ್ನಿ. ಹೊರದೇಶದ ಅಡಿಕೆಗೆ ಶೇಕಡ 100 ಆಮದು ಸುಂಕವಿದೆ. ಅದರ ಮೇಲೆ 2023ರ ಫೆಬ್ರುವರಿಯಿಂದ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ. ಅದಕ್ಕಿಂತ ಅಗ್ಗದ ಅಡಿಕೆ ದೇಶದೊಳಗೆ ಬರುವಂತಿಲ್ಲ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟಾಗ ಅಡಿಕೆ ಸೀಮೆಯೆಲ್ಲ ಕೆರಳಿತ್ತು. ಲಿಬರ್ಟೇರಿಯನ್ ನಿಲುವಿನ ಪ್ರಕಾರ ಸುಂಕವೂ ಹೋಗಬೇಕು, ಕನಿಷ್ಠ ಬೆಲೆಯೂ ಹೋಗಬೇಕು. ಮೆಕ್ಕೆಜೋಳದ ಬೆಂಬಲ ಬೆಲೆಯೂ ಹೋಗಬೇಕು. 2025-26ಕ್ಕೆ ಅದು ಕ್ವಿಂಟಾಲಿಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ದಾವಣಗೆರೆಯ ರೈತರು ಖರೀದಿ ಕೇಂದ್ರ ತೆರೆಯಿರೆಂದು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ.

ರೈತ ಚಳವಳಿಯೊಳಗೇ ಈ ಬಿರುಕು ಹಿಂದೆ ಕಾಣಿಸಿಕೊಂಡಿತ್ತು. ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ, ಕೃಷಿಯನ್ನೂ ಜಾಗತಿಕ ವ್ಯಾಪಾರದ ನಿಯಮಗಳೊಳಗೆ ತರಲು ಹೊರಟ ಡಂಕೆಲ್ ಪ್ರಸ್ತಾವವನ್ನು ಸ್ವಾಗತಿಸಿ, ಸರ್ಕಾರ ದಾರಿ ಬಿಟ್ಟರೆ ರೈತ ತಾನೇ ಬದುಕಿಕೊಳ್ಳುತ್ತಾನೆ ಎಂದರು. ನಮ್ಮ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಅದನ್ನು ಉಗ್ರವಾಗಿ ವಿರೋಧಿಸಿದರು. 1992ರ ಡಿಸೆಂಬರಿನಲ್ಲಿ ಅಮೆರಿಕದ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ರೈತ ಸಂಘದವರು ನುಗ್ಗಿದರು. ಇಬ್ಬರೂ ರೈತನ ಪರವಾಗಿಯೇ ಮಾತಾಡಿದವರು.

ಹಾಗಾದರೆ ಯಾವುದನ್ನು ಆರಿಸಬೇಕು? ನಿಮ್ಮದು ಈರುಳ್ಳಿ ಹೊಲವಾದರೆ ಮುಕ್ತ ವ್ಯಾಪಾರದ ವಾದ ನಾಲಿಗೆಯ ಮೇಲೆ ಸಲೀಸಾಗಿ ಬರುತ್ತದೆ. ಅಡಿಕೆ ತೋಟವಾದರೆ ಬರುವುದಿಲ್ಲ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಊಟದ ಹೊತ್ತಿಗೆ ಜಗಳ ಖಚಿತ. ನನ್ನ ಸಲಹೆ ಇದು: ರಫ್ತಿನ ಸ್ವಾತಂತ್ರ್ಯವನ್ನು ಈಗಲೇ, ಪೂರ್ತಿಯಾಗಿ ಕೇಳಿ, ಏಕೆಂದರೆ ಅದನ್ನು ಕಿತ್ತುಕೊಳ್ಳುವುದಕ್ಕೆ ಯಾವ ನ್ಯಾಯವೂ ಇಲ್ಲ. ಆಮದು ಸುಂಕವನ್ನು ಮಾತ್ರ ಮೊದಲೇ ಸಾರಿದ ವೇಳಾಪಟ್ಟಿಯಂತೆ ವರ್ಷವರ್ಷ ಸ್ವಲ್ಪಸ್ವಲ್ಪವೇ ಇಳಿಸಲಿ. ಅಡಿಕೆ ಸಸಿ ನೆಟ್ಟವನು ಫಸಲಿಗಾಗಿ ಐದಾರು ವರ್ಷ ಕಾಯುತ್ತಾನೆ. ನಡುವೆ ನಿಯಮ ಬದಲಾಯಿಸಿದರೆ ಅವನಿಗೆ ಮಾಡಿದ ಮೋಸ. ಹಾಯೆಕ್ ಹೇಳುವ ‘ಮೊದಲೇ ಗೊತ್ತಿರುವ ನಿಯಮ’ ಇಲ್ಲಿ ರೈತನನ್ನೂ ಕಾಪಾಡುತ್ತದೆ. ರಾತ್‌ಬಾರ್ಡ್ ಬಣ ಈ ಕಾಲಾವಕಾಶವನ್ನೂ ಒಪ್ಪುವುದಿಲ್ಲ. ನಾಳೆಯೇ ಎಲ್ಲ ಸುಂಕ ತೆಗೆಯಿರಿ ಎನ್ನುತ್ತದೆ. ಅದನ್ನು ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ನಿಂತು ಹೇಳಬಲ್ಲವರು ಮಾತ್ರ ಆ ಬಣ ಸೇರಲಿ.

ವಲಸೆ: ನಮ್ಮವರು ಹೋಗುವಾಗ, ಬೇರೆಯವರು ಬರುವಾಗ

ಬಣಗಳು ಅತಿ ಹೆಚ್ಚು ಕಿತ್ತಾಡುವುದು ಇಲ್ಲಿ. ಅರ್ಥಶಾಸ್ತ್ರದ ಪ್ರಾಧ್ಯಾಪಕ ಬ್ರಯನ್ ಕ್ಯಾಪ್ಲನ್ ಅವರಂಥವರು ಗಡಿಗಳನ್ನು ಪೂರ್ತಿ ತೆರೆಯಿರಿ ಎನ್ನುತ್ತಾರೆ. ಕೆಲಸ ಕೊಡುವವನೂ ಮಾಡುವವನೂ ಒಪ್ಪಿದರೆ ಮೂರನೆಯವನಾದ ಸರ್ಕಾರಕ್ಕೇನು ಕೆಲಸ ಎಂಬುದು ಅವರ ವಾದ. ಫ್ರೀಡ್‌ಮನ್ ಅವರದು ಷರತ್ತಿನ ಒಪ್ಪಿಗೆ: ಕೆಲಸಕ್ಕೆ ಬರುವವರಿಗೆ ಬಾಗಿಲು ತೆರೆಯಬಹುದು, ಆದರೆ ಬಂದವರಿಗೆಲ್ಲ ಸರ್ಕಾರ ಅನ್ನ, ಮನೆ, ಭತ್ಯೆ ಕೊಡುವ ವ್ಯವಸ್ಥೆಯ ಜೊತೆ ತೆರೆದ ಬಾಗಿಲು ಬಾಳುವುದಿಲ್ಲ. ಜರ್ಮನಿಯಲ್ಲಿ ಹುಟ್ಟಿದ ಹಾನ್ಸ್-ಹರ್ಮನ್ ಹೊಪ್ಪೆ ಇನ್ನೊಂದು ತುದಿ. ಸಾರ್ವಜನಿಕ ಆಸ್ತಿ ತೆರಿಗೆ ಕಟ್ಟಿದ ಸ್ಥಳೀಯರದ್ದು, ಅವರು ಕರೆಯದವರಿಗೆ ಒಳಗೆ ಜಾಗವಿಲ್ಲ ಎನ್ನುತ್ತಾರೆ. ರಾತ್‌ಬಾರ್ಡ್ ಕೂಡ ತಮ್ಮ ಕೊನೆಯ ವರ್ಷಗಳಲ್ಲಿ ಅದೇ ಕಡೆಗೆ ವಾಲಿದರು. ರಾಜ್ಯವೇ ಬೇಡ ಎಂದವರ ತರ್ಕ ಕೊನೆಗೆ ಗಡಿಗೋಡೆಯ ಪರವಾಗಿ ನಿಂತದ್ದು ನನಗೆ ಒಪ್ಪಿಗೆಯಾಗದ ಸಂಗತಿ.

ನಮ್ಮ ಸೀಮೆಯಲ್ಲಿ ವಲಸೆ ಎರಡೂ ದಿಕ್ಕಿನಲ್ಲಿದೆ. ತಾಂಡಾಗಳ ಕುಟುಂಬಗಳು ಹಂಗಾಮಿಗೆ ಮಲೆನಾಡಿನ ಕಾಫಿ ತೋಟಗಳಿಗೆ ಹೋಗುತ್ತವೆ. ಎಂಜಿನಿಯರಿಂಗ್ ಮುಗಿಸಿದವರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ. ಇತ್ತ ಹೊಸ ಬಡಾವಣೆಗಳ ಕಟ್ಟಡ ಕೆಲಸಕ್ಕೆ, ಹೋಟೆಲುಗಳಿಗೆ ಉತ್ತರದ ರಾಜ್ಯಗಳಿಂದ ಹುಡುಗರು ಬರುತ್ತಾರೆ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆ ಹಕ್ಕಿನ ಬೆಲೆ ಅಲೆಮಾರಿ ಸಮುದಾಯಗಳಿಗೆ ಚೆನ್ನಾಗಿ ಗೊತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಹಲವು ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ನೋಂದಾಯಿಸಿ, ಪಾಸ್ ಇಲ್ಲದೆ ಊರು ದಾಟದಂತೆ ಕಟ್ಟಿಹಾಕಿತ್ತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಸೀಮೆಯಿಂದ ಸೀಮೆಗೆ ನಡೆದವರ ಮೊಮ್ಮಕ್ಕಳು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ಇಂದು ನಾಲ್ಕಾರು ರಾಜ್ಯಗಳಿಂದ ಬರುತ್ತಾರೆ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಅದನ್ನು ಸ್ವಾಗತಿಸಿದ ಅನೇಕ ಮನೆಗಳವರು, 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದಾಗ ಅನ್ಯಾಯವೆಂದು ಕೂಗಿದರು. ಎರಡರ ಹಿಂದಿನ ತರ್ಕ ಒಂದೇ: ನಮ್ಮವರ ಕೆಲಸ ನಮ್ಮವರಿಗೆ. ಒಂದನ್ನು ಒಪ್ಪಿದವನಿಗೆ ಇನ್ನೊಂದನ್ನು ಬೈಯುವ ಹಕ್ಕಿಲ್ಲ. ಕನ್ನಡ ಕಲಿಯದವರ ಬಗ್ಗೆ ನಮಗಿರುವ ಕಳವಳ ನಿಜ, ಅದು ನನಗೂ ಇದೆ. ಆದರೆ ಅದಕ್ಕೆ ಮದ್ದು ಕನ್ನಡ ಕಲಿಸುವುದು, ಕೆಲಸದ ಬಾಗಿಲು ಮುಚ್ಚುವುದಲ್ಲ.

ಬಾಗಿಲು ಮುಚ್ಚಬೇಕು ಎನ್ನುವ ಲಿಬರ್ಟೇರಿಯನ್ನರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ಇದೆ. ಮುಚ್ಚಿದ ಬಾಗಿಲನ್ನು ಕಾಯಲು ದೊಡ್ಡ ಸರ್ಕಾರವೇ ಬೇಕು. ಕೂಲಿಕಾರನ ಗುರುತಿನ ಚೀಟಿ ನೋಡುವ ಪೊಲೀಸ, ಮಾಲೀಕನ ಹಾಜರಿ ಪುಸ್ತಕ ತೆರೆಸುವ ಅಧಿಕಾರಿ, ಬಾಡಿಗೆಗೆ ಕೊಟ್ಟವನನ್ನೂ ಠಾಣೆಗೆ ಕರೆಸುವ ನೋಟಿಸು. ಅಂಥ ತಪಾಸಣೆಯಲ್ಲಿ ಮೊದಲು ಸಿಕ್ಕಿಬೀಳುವವನು ಕಾಗದಪತ್ರ ಜೋಡಿಸಿಕೊಳ್ಳಲಾರದ ನಮ್ಮದೇ ಬಡವ. ಆದ್ದರಿಂದ ಈ ಪ್ರಶ್ನೆಯಲ್ಲಿ ಹೊಪ್ಪೆ ದಾರಿಯನ್ನು ಬಿಟ್ಟುಬಿಡಿ. ರಾಜ್ಯ ರಾಜ್ಯಗಳ ನಡುವೆ ಕ್ಯಾಪ್ಲನ್ ಮಾತು ಸರಿ. ದೇಶದ ಗಡಿಯಲ್ಲಿ ಫ್ರೀಡ್‌ಮನ್ ಮಾತು: ಕೆಲಸದ ಪರವಾನಗಿಯನ್ನು ಧಾರಾಳವಾಗಿ ಕೊಡಲಿ, ಪಡಿತರದ ಹಕ್ಕು ಪೌರತ್ವದ ಜೊತೆಗಿರಲಿ.

ಯುದ್ಧ ಮತ್ತು ನೆರೆಹೊರೆ

ಅಮೆರಿಕದ ಲಿಬರ್ಟೇರಿಯನ್ನರಲ್ಲಿ ಬಹುಮಂದಿ ಪರದೇಶದ ಯುದ್ಧಗಳಿಗೆ ಕಡು ವಿರೋಧಿಗಳು. 1988ರಲ್ಲಿ ಲಿಬರ್ಟೇರಿಯನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ರಾನ್ ಪಾಲ್, 2002ರಲ್ಲಿ ರಿಪಬ್ಲಿಕನ್ ಸಂಸದರಾಗಿದ್ದುಕೊಂಡೇ ಇರಾಕ್ ಯುದ್ಧದ ನಿರ್ಣಯಕ್ಕೆ ವಿರುದ್ಧ ಮತ ಹಾಕಿದರು. ಕಡ್ಡಾಯ ಸೇನಾ ಭರ್ತಿಯನ್ನು ನಿಲ್ಲಿಸಲು ಫ್ರೀಡ್‌ಮನ್ ದುಡಿದರು, 1973ರಲ್ಲಿ ಅದು ನಿಂತಿತು. ಯುದ್ಧ ಬಂದಾಗಲೆಲ್ಲ ತೆರಿಗೆ ಏರುತ್ತದೆ, ಗುಪ್ತಚರರ ಕಣ್ಣು ಮನೆಯೊಳಗೆ ಬರುತ್ತದೆ, ಯುದ್ಧ ಮುಗಿದರೂ ಅವು ಹಿಂದೆ ಸರಿಯುವುದಿಲ್ಲ ಎಂಬ ಅವರ ಎಚ್ಚರಿಕೆ ನಮಗೂ ಒಪ್ಪುವಂಥದ್ದು.

ಆದರೆ ಅವರ ನಿಲುವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಅಮೆರಿಕಕ್ಕೆ ಎರಡೂ ಬದಿ ಸಾಗರ. ನಮಗೆ ಎರಡು ಬದಿ ಅಣ್ವಸ್ತ್ರವುಳ್ಳ ನೆರೆಯವರು. ಸ್ವತಂತ್ರ ಪಕ್ಷದವರು ಈ ಇಕ್ಕಟ್ಟನ್ನು ಅನುಭವಿಸಿದರು. ರಾಜಾಜಿ 1962ರಲ್ಲಿ, ಇಳಿವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಅಣ್ವಸ್ತ್ರ ಪರೀಕ್ಷೆ ನಿಲ್ಲಿಸಿರೆಂದು ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು. ಪಾಕಿಸ್ತಾನದೊಂದಿಗೆ ರಾಜಿಯಾಗಬೇಕೆಂದರು. ಅದೇ ವರ್ಷ ಚೀನಾ ದಾಳಿಯಾದ ಮೇಲೆ ಅವರ ಪಕ್ಷ ಅಲಿಪ್ತ ನೀತಿಯನ್ನು ಬಿಟ್ಟು ಪಾಶ್ಚಾತ್ಯ ದೇಶಗಳ ಜೊತೆ ನಿಲ್ಲಬೇಕೆಂದು ವಾದಿಸಿತು. ಶಾಂತಿಯ ಹಂಬಲ ಮತ್ತು ಗಡಿಯ ಭಯ ಎರಡೂ ಒಂದೇ ಪಕ್ಷದಲ್ಲಿದ್ದವು. ಇದನ್ನು ನಾನು ದೌರ್ಬಲ್ಯವೆನ್ನುವುದಿಲ್ಲ. ಭೂಪಟ ನೋಡಿಕೊಂಡು ಯೋಚಿಸಿದವರಿಗೆ ಬೇರೆ ದಾರಿ ಇರಲಿಲ್ಲ.

ಪರದೇಶದ ಯುದ್ಧ ನಮಗೆ ದೂರದ್ದಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಹಾರ್ಕಿವ್ ನಗರದಲ್ಲಿ ದಿನಸಿಗಾಗಿ ಸರದಿಯಲ್ಲಿ ನಿಂತಿದ್ದ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ತಂದೆ ತಾಯಿ ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಒಳ್ಳೆಯ ಅಂಕ ಪಡೆದ ಹುಡುಗ ಅಷ್ಟು ದೂರ ಹೋದದ್ದೇಕೆ? 1965ರಿಂದ ವೈದ್ಯಕೀಯ ಕಾಲೇಜು ಇರುವ ನಗರ ದಾವಣಗೆರೆ. ಆದರೂ ನಮ್ಮ ದೇಶದಲ್ಲಿ ಸರ್ಕಾರಿ ಸೀಟುಗಳು ವಿರಳ, ಖಾಸಗಿ ಸೀಟುಗಳು ಸಾಮಾನ್ಯರ ಕೈಗೆಟುಕದಷ್ಟು ದುಬಾರಿ. ಕಾಲೇಜು ತೆರೆಯಲು, ಸೀಟು ಹೆಚ್ಚಿಸಲು ದೆಹಲಿಯ ಅನುಮತಿ ಬೇಕು. ವೈದ್ಯ ವೃತ್ತಿಯ ಪರವಾನಗಿ ವ್ಯವಸ್ಥೆ ವೈದ್ಯರ ಸಂಖ್ಯೆಯನ್ನು ಕೃತಕವಾಗಿ ಕಡಿಮೆ ಇಡುತ್ತದೆ ಎಂದು ಫ್ರೀಡ್‌ಮನ್ 1960ರ ದಶಕದಲ್ಲೇ ವಾದಿಸಿದ್ದರು. ಪರವಾನಗಿಯೇ ಬೇಡ ಎನ್ನುವಷ್ಟು ದೂರ ನಾನು ಅವರ ಜೊತೆ ಹೋಗಲಾರೆ. ಚಿಕಿತ್ಸೆ ತಪ್ಪಿದರೆ ಜೀವವೇ ಹೋಗುತ್ತದೆ. ಸೀಟುಗಳ ಕೊರತೆಯ ಬಗ್ಗೆ ಅವರು ಹೇಳಿದ್ದು ಮಾತ್ರ ನಮ್ಮಲ್ಲಿ ಅಕ್ಷರಶಃ ನಿಜವಾಗಿದೆ.

ಯುದ್ಧದ ನಡುವೆ ಸಿಲುಕಿದ ಮಕ್ಕಳನ್ನು ಮನೆಗೆ ಕರೆತಂದದ್ದು ಭಾರತ ಸರ್ಕಾರದ ವಿಮಾನಗಳು. ರಾತ್‌ಬಾರ್ಡ್ ಬಣದವರು ಆ ಕೆಲಸವನ್ನು ಯಾರಿಗೆ ವಹಿಸುತ್ತಾರೆ? ವಿಮಾ ಕಂಪನಿಗಳಿಗೆ ಎಂಬುದು ಅವರ ತರ್ಕಕ್ಕೆ ಹೊಂದುವ ಉತ್ತರ. ಸಾಲ ಮಾಡಿ ಮಗನನ್ನು ಓದಲು ಕಳುಹಿಸಿದ ತಂದೆ ಅಂಥ ವಿಮೆಯ ಕಂತು ಕಟ್ಟಿರುತ್ತಾನೆ ಎಂದು ನನಗೆ ಅನಿಸುವುದಿಲ್ಲ. ತನ್ನ ಪ್ರಜೆಯ ಜೀವ ಕಾಯುವುದು ಕಾವಲುಗಾರ ಸರ್ಕಾರಕ್ಕೂ ಸಲ್ಲುವ ಕೆಲಸ. ಹೊರದೇಶದ ವಿಚಾರದಲ್ಲಿ ನಾನು ಒಪ್ಪುವುದು ಇಷ್ಟನ್ನು: ಗಡಿ ಕಾಯುವ ಸೇನೆ, ಸಿಲುಕಿದ ಪ್ರಜೆಯನ್ನು ಮನೆಗೆ ತರುವ ವಿಮಾನ, ಎಲ್ಲರೊಂದಿಗೂ ವ್ಯಾಪಾರ, ಯಾರ ಯುದ್ಧಕ್ಕೂ ನಮ್ಮ ಮಕ್ಕಳನ್ನು ಕಳುಹಿಸದಿರುವುದು. ಇಷ್ಟಕ್ಕೆ ನೋಜಿಕ್ ಸಾಕು. ಆ ಸೇನೆಯ ಪರೀಕ್ಷೆಗೆ ಯಾರ ಹುಲ್ಲುಗಾವಲು ಹೋಯಿತು, ಅವರಿಗೆ ಏನು ಕೊಟ್ಟಿರಿ ಎಂದು ಕೇಳುವುದಕ್ಕೆ ಹಾಯೆಕ್ ಮತ್ತು ಆಸ್ಟ್ರಮ್ ಇಬ್ಬರೂ ಬೇಕು.